ಸಿಸ್ಟರ್ ಇಟ್ಟ ಹೆಸರುಗಳು

ಆಸ್ಪತ್ರೆಯ ಮೂಳೆ ವಾರ್ಡಿನ ಸಿಸ್ಟರ್ ಸೈಕಲ್ ಹತ್ತಿದರೆಂದರೆ ಊರಿನ ರಸ್ತೆಗಳಿಗೆಲ್ಲ ಹೊಸ ಹೆಸರು ಬರುತ್ತದೆ. ಬ್ಯಾಂಕಿನ ಮುಂದಿನದು ಮೊಣಕೈ ತಿರುವು, ಶಾಲೆ ಎದುರಿನದು ಭುಜದ ಇಳಿಜಾರು, ಸಾಲಾಗಿ ಕಾರು ನಿಲ್ಲಿಸುವ ಅಂಗಡಿ ಸಾಲಂತೂ ಮುಂಗೈ ಬೀದಿ. ಎಲ್ಲಿ ಬಿದ್ದವರು ಏನು ಮುರಿದುಕೊಂಡು ತಮ್ಮ ವಾರ್ಡಿಗೆ ಬಂದು ಮಲಗುತ್ತಾರೋ ಆ ಜಾಗಕ್ಕೆ ಆ ಹೆಸರು. ಹೊಸದಾಗಿ ಸೈಕಲ್ ಕಲಿತ ನಾದಿನಿ ಹಿಂದೆ ತುಳಿದುಕೊಂಡು ಬರುತ್ತಿದ್ದರೆ ಇವರ ಬಾಯಿಗೆ ಬಿಡುವೇ ಇಲ್ಲ. "ಕಾರಿಂದ ಒಂದು ಮಾರು ದೂರ ಇರೇ, ಬಾಗಿಲು ತೆಗೆಯೋ ಮಹರಾಯರು ಹಿಂದೆ ನೋಡಲ್ಲ. ಕೈ ತೋರಿಸದೆ ತಿರುಗಬೇಡ. ಬಸ್ಸಿನ ಪಕ್ಕ ನುಗ್ಗಬೇಡ, ಡ್ರೈವರ್ ಕಣ್ಣಿಗೆ ನೀನೊಂದು ಸೊಳ್ಳೆ." ಹಾರನ್ ಹೊಡೆದು ಮೈಮೇಲೆ ಬರುವವನಿಗೆ, "ಹೋಗಪ್ಪ ಹೋಗು, ವಾರ್ಡಲ್ಲಿ ಹಾಸಿಗೆ ಹಾಸಿಟ್ಟಿರ್ತೀನಿ" ಅನ್ನುವುದೂ ಉಂಟು. ರಸ್ತೆ ಸರಿ ಮಾಡಿ ಎಂದು ನಗರಸಭೆ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಮೇಲೆ ಅವರಿಗೆ ಉಳಿದದ್ದು ಈ ನಾಲಿಗೆಯೊಂದೇ. ಆ ಹೆಸರುಗಳನ್ನು ಕೇಳಿ ನಾದಿನಿಗೆ ನಗು ತಡೆಯಲಾಗುವುದಿಲ್ಲ. ಆದರೆ ಮೇಲ್ಸೇತುವೆಯಿಂದ ಲಾರಿಗಳು ಇಳಿದು ಬಂದು ಸೇರುವ ಕಡೆ ಸಿಸ್ಟರ್ ಮಾತು ನಿಲ್ಲಿಸಿ, ಕೆಳಗಿಳಿದು, ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ. "ಇದು ಯಾವ ಮೂಳೆ ಅತ್ತಿಗೆ?" ಎಂದು ನಾದಿನಿ ಇವತ್ತು ನಗುತ್ತಲೇ ಕೇಳಿದಳು. ಸಿಸ್ಟರ್ ತಿರುಗಿ ನೋಡಲಿಲ್ಲ. "ಇಳಿ, ತಳ್ಕೊಂಡು ಬಾ. ಇದಕ್ಕೆ ಹೆಸರಿಟ್ಟಿಲ್ಲ ಕಣೇ. ಇಲ್ಲಿ ಬಿದ್ದವರು ಯಾರೂ ನಮ್ಮ ವಾರ್ಡಿನವರೆಗೆ ಬಂದಿಲ್ಲ."