ದಿಂಬಿನ ಕೆಳಗಿನ ಸೋನಾಮುಖಿ

ನಾನು ನರ್ಸ್. ಸುಲೇಪೇಟದ ಸುತ್ತಿನ ಹಳ್ಳಿಗಳನ್ನು ತಿರುಗಿ ಬಾಣಂತಿಯರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. "ಗಿಡಮೂಲಿಕಿನೂ ಔಷಧನೇ ಅದರೀ. ನೀವು ತಿಂದದ್ದು ಹಾಲಿನಾಗ ಕೂಸಿಗೆ ಹೋಗ್ತದ. ಡಾಕ್ಟರ ಮುಂದ ಒಂದೂ ಮುಚ್ಚಿಡಬ್ಯಾಡ್ರಿ." ಹೀಗೆ ಹೇಳುವಾಗ ನನ್ನ ಗತ್ತು ನೋಡಬೇಕಿತ್ತು.

ಆಮೇಲೆ ನಾನೇ ಹಡೆದೆ. ನನಗೆ ಅವ್ವ ಇಲ್ಲ. ದಂಡೋತಿಯಿಂದ ಅತ್ತೆ ಸೇಡಂಗೆ ಬಂದು ಬಾಣಂತನಕ್ಕೆ ನಿಂತರು. ಅಳವಿ ಬೀಜದ ಪಾಯಸ, ಮೆಂತ್ಯದ ಉಂಡಿ, ಊಟವಾದ ಮೇಲೆ ಓಂಕಾಳು, ಎಲ್ಲ ಕೊಟ್ಟರು, ನೀರೊಂದನ್ನು ಬಿಟ್ಟು. "ಬಾಣಂತಿ ಭಾಳ ನೀರು ಕುಡದ್ರ ಹೊಟ್ಟಿ ಬರ್ತದ," ಎಂದು ಗುಟುಕು ಗುಟುಕಾಗಿ ಕೊಡುತ್ತಿದ್ದರು. ತಪ್ಪೆಂದು ನನಗೆ ಗೊತ್ತಿತ್ತು. ಊರಿಗೆಲ್ಲ ಹೇಳುವ ನಾಲಿಗೆ ಅತ್ತೆಯ ಮುಂದೆ ಏಳಲಿಲ್ಲ.

ಹೊಟ್ಟೆ ಕಲ್ಲಾಯಿತು. ಮಲಬದ್ಧತೆಯ ಬಗ್ಗೆ ಹೆಂಗಸರ ಮುಂದೆ ಗಂಟಲು ಹರಿದುಕೊಳ್ಳುವವಳಿಗೆ ಸ್ವಂತದ್ದು ಹೇಳಲು ನಾಚಿಕೆ! ಗಂಡನಿಂದ ಬಜಾರದ ಸೋನಾಮುಖಿ ಪುಡಿ ತರಿಸಿ ದಿಂಬಿನ ಕೆಳಗಿಟ್ಟೆ. ಜುಲಾಬಿನ ಎಲೆ ಅದು. ಒಂದು ಚಮಚಕ್ಕೆ ಹೊಟ್ಟೆ ಜಗ್ಗಲಿಲ್ಲವೆಂದು ಎರಡು ತಿಂದೆ, ಮರುದಿನ ಮೂರು.

ಎರಡು ತಿಂಗಳ ಕೂಸಿಗೆ ನೀರಿನಂಥ ಭೇದಿ ಹತ್ತಿತು. ಅತ್ತೆಯೂ ನಾನೂ ಎತ್ತಿಕೊಂಡು ದವಾಖಾನೆಗೆ ಓಡಿದೆವು. "ನೀವು ಏನೇನು ತಿನ್ಲಿಕತ್ತೀರಿ?" ಎಂದು ಡಾಕ್ಟರಮ್ಮ ಕೇಳಿದರು. ಪಾಯಸ ಹೇಳಿದೆ, ಉಂಡಿ ಹೇಳಿದೆ, ಓಂಕಾಳೂ ಹೇಳಿದೆ. ದಿಂಬಿನ ಕೆಳಗಿನದನ್ನು ಮಾತ್ರ ನುಂಗಿಕೊಂಡೆ.

"ಅಜ್ಜಿ, ಸದ್ಯ ಅವೆಲ್ಲ ಬಂದ್ ಮಾಡ್ರಿ," ಎಂದರು ಡಾಕ್ಟರಮ್ಮ. ಅತ್ತೆಯ ಮುಖ ಸಣ್ಣದಾಯಿತು.

ಮನೆಗೆ ಬಂದವರೇ ತಮ್ಮ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು. "ನನ್ನ ಕೈಯಿಂದ ಕೂಸಿಗೆ ಹಿಂಗಾಯ್ತು. ನಾ ಇಲ್ಲಿ ಇರಬಾರದು ಯವ್ವಾ." ನನ್ನ ತೊಡೆಯ ಮೇಲೆ ಕೂಸು ಬಾಡಿದ ಸೊಪ್ಪಿನಂತೆ ಮಲಗಿತ್ತು. ನನ್ನ ಮೇಲೆ ನನಗೇ ಹೇಸಿಗೆ ಬಂತು. ಪುಡಿಯ ಪೊಟ್ಟಣ ತೆಗೆದು ಅವರ ಮುಂದಿಟ್ಟೆ.

"ನಿಮ್ಮಿಂದ ಅಲ್ಲರಿ ಅತ್ತಿ. ಕದ್ದು ಇದನ್ನ ತಿಂದೀನಿ."

ಡಾಕ್ಟರಮ್ಮನಿಗೂ ಫೋನ್ ಮಾಡಿ ಒಪ್ಪಿಕೊಂಡೆ. "ಖರೇನ ನೀವು ನರ್ಸ್ ಏನ್ರಿ?" ಎಂದು ಶುರುಮಾಡಿದವರು ನಾನು ಹಳ್ಳಿಗಳಲ್ಲಿ ಬಿಗಿಯುವ ಭಾಷಣವನ್ನೇ ನನಗೆ ಪೂರಾ ಒಪ್ಪಿಸಿದರು. ಪುಡಿ ಬಿಡಬೇಕು, ಹಾಲು ಕುಡಿಸುವುದನ್ನು ಬಿಡಬಾರದು, ಕೂಸನ್ನು ಈಗಲೇ ಮತ್ತೆ ತೋರಿಸಬೇಕು ಎಂದರು. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಅಂತಾರಲ್ಲ, ನನ್ನಂಥವಳನ್ನು ನೋಡಿಯೇ ಅಂದಿರಬೇಕು.

ಆಗಲೇ ಹೋಗಿ ತೋರಿಸಿಕೊಂಡು ಬಂದೆವು. ಎರಡು ದಿನಕ್ಕೆ ಕೂಸು ಚೇತರಿಸಿಕೊಂಡಿತು. ಅತ್ತೆಯ ಚೀಲ ಇನ್ನೂ ಬಾಗಿಲ ಬಳಿಯೇ ಇತ್ತು. ಈಗ ಬೈಯುತ್ತಾರೆ, ಆಮೇಲೆ ಬೈಯುತ್ತಾರೆ ಎಂದು ಕಾದೆ. ಅವರು ಒಂದು ಚಂಬು ಬೆಚ್ಚನೆಯ ನೀರು ತಂದು ಎದುರು ಕುಳಿತರು.

"ಕುಡಿ. ನೀರು ಬ್ಯಾಡ ಅಂದಾಕಿ ನಾನೇ. ಅದು ತಪ್ಪಂತ ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ತರಿ."

"ಊರ ಮಂದಿಗೆಲ್ಲ ಹೇಳ್ತಿ. ನನಗ ಯಾಕ ಹೇಳಲಿಲ್ಲ? ಅವರಕಿಂತ ಹೊರಗಿನಾಕಿ ಏನು ನಾ?"

ಚಂಬೆತ್ತಿ ಪೂರ್ತಿ ಕುಡಿದೆ. ಅವರು ಎದ್ದು ಚೀಲವನ್ನು ಒಳಗೆ ಒಯ್ದರು.