ದಾಳಕ್ಕೆ ಒಂದು ನಿಮಿಷ

ನಿವೃತ್ತನಾದ ಮೇಲೂ ನಾನು ಐದಕ್ಕೆ ಏಳುವುದನ್ನು ಬಿಡಲಿಲ್ಲ. ಐದೂವರೆಗೆ ನಡಿಗೆ, ಏಳಕ್ಕೆ ಸ್ನಾನ, ಎಂಟಕ್ಕೆ ತಿಂಡಿ, ಆಮೇಲೆ ಪತ್ರಿಕೆ. ಹತ್ತರಿಂದ ಹನ್ನೊಂದರವರೆಗೆ ದಾಳ. ಶಿವಮೊಗ್ಗದ ದುರ್ಗಿಗುಡಿಯ ಒಂದು ಸೈಬರ್ ಸೆಂಟರಿನಲ್ಲಿ ಬಾಗಿಲಿನಿಂದ ಮೂರನೆಯ ಕಂಪ್ಯೂಟರ್ ನನ್ನದೆಂದು ಆಗಿಹೋಗಿತ್ತು. ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಯಾವುದೋ ಅರ್ಜಿ ತುಂಬಲು ಹೋದವನು ಪಕ್ಕದ ಪರದೆಯ ಮೇಲೆ ಐದು ದಾಳಗಳು ಉರುಳುವುದನ್ನು ಕಂಡು ಅಲ್ಲೇ ಕುಳಿತುಬಿಟ್ಟೆ.

ಆಟ ಸರಳ. ಪಣವಿಲ್ಲ, ಬರೀ ಅಂಕ. ಎಲ್ಲೋ ಇರುವ ಎದುರಾಳಿ, ಎಲ್ಲೋ ಇರುವ ನಾವು. ಪ್ರತಿ ಸರದಿಗೆ ಮೂರು ಸಲ ಎಸೆಯಬಹುದು. ಬೇಕಾದ ದಾಳವನ್ನು ಇಟ್ಟುಕೊಂಡು ಬೇಡವಾದದ್ದನ್ನು ಮತ್ತೆ ಎಸೆಯಬೇಕು. ಬಂದದ್ದನ್ನು ಅಂಕಪಟ್ಟಿಯ ಹದಿಮೂರು ಮನೆಗಳಲ್ಲಿ ಒಂದಕ್ಕೆ ತುಂಬಬೇಕು. ಒಮ್ಮೆ ತುಂಬಿದ ಮನೆ ಮತ್ತೆ ಸಿಗದು. ಐದೂ ದಾಳ ಒಂದೇ ಬಿದ್ದರೆ ದೊಡ್ಡ ಅಂಕ. ಎಲ್ಲರೂ ಅದರ ಹಿಂದೆ ಓಡಿ ಸೋಲುತ್ತಾರೆ. ನಾನು ಓಡುವವನಲ್ಲ. ಏನು ಬೀಳುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಕೆಟ್ಟ ಸರದಿಯನ್ನು ಯಾವ ಅಗ್ಗದ ಮನೆಗೆ ಹಾಕಿ ಕೈತೊಳೆದುಕೊಳ್ಳಬೇಕು ಎನ್ನುವುದಷ್ಟೇ ನಮ್ಮದು. ಇದನ್ನು ತಿಳಿಯಲು ನನಗೆ ಒಂದು ವರ್ಷ ಮತ್ತು ಇನ್ನೂರು ಪುಟದ ಒಂದು ನೋಟುಬುಕ್ಕು ಬೇಕಾಯಿತು.

ಸೈಬರ್ ಸೆಂಟರ್ ನಡೆಸುತ್ತಿದ್ದ ಹೆಂಗಸು ನೋಟುಬುಕ್ಕು ನೋಡಿ ನಗುತ್ತಿದ್ದಳು. "ಏನ್ ಸಾರ್, ಅದೃಷ್ಟದ ಆಟಕ್ಕೆ ಎಸ್ಸೆಲ್ಸಿ ಪರೀಕ್ಷೆ ಥರ ಓದ್ತೀರಲ್ಲ!"

"ಅದೃಷ್ಟ ನಂಬ್ಕೊಂಡು ಪರೀಕ್ಷೆ ಬರ್ದೋರು ಎಲ್ಲಿದಾರೆ ನೋಡ್ಕೋಮ್ಮ" ಎನ್ನುತ್ತಿದ್ದೆ.

ಆ ಆಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಗಡಿಯಾರ. ಪ್ರತಿ ಎಸೆತಕ್ಕೆ ಒಂದು ನಿಮಿಷ. ಎದುರಾಳಿ ಅಷ್ಟರಲ್ಲಿ ಎಸೆಯದಿದ್ದರೆ ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತಿತ್ತು: ಕಾಯುತ್ತೀರೋ, ಗೆಲುವು ತೆಗೆದುಕೊಳ್ಳುತ್ತೀರೋ? ನಾನು ಯಾವತ್ತೂ ಕಾದವನಲ್ಲ. ಭದ್ರಾವತಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಗೇಟಿನೊಳಗೆ ಬರುವ ಪ್ರತಿಯೊಬ್ಬನ ಕಾರ್ಡಿನ ಮೇಲೂ ಹೊತ್ತು ಬೀಳುತ್ತಿತ್ತು. ಸೈರನ್ ನಿಂತ ಮೇಲೆ ಬಂದವನಿಗೆ ಲೇಟ್ ಮಾರ್ಕ್. ತಮಿಳಿನಲ್ಲಿ ಬೈದವರು, ತೆಲುಗಿನಲ್ಲಿ ಗೋಗರೆದವರು, ಕನ್ನಡದಲ್ಲಿ ಶಾಪ ಹಾಕಿದವರು ಎಲ್ಲರಿಗೂ ಅದೇ ಕೆಂಪು ಶಾಯಿ.

ಹಾಗಿದ್ದೂ ನನಗೊಬ್ಬ ಗೆಳೆಯನಿದ್ದ. ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ಮಧ್ಯಾಹ್ನದ ಬಿಡುವಿನಲ್ಲಿ ನಾವಿಬ್ಬರೂ ಕ್ಯಾಂಟೀನಿನ ಹಿಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕವಡೆ ಆಡುತ್ತಿದ್ದೆವು. ಅವನು ಕವಡೆಗೆ ಉಫ್ ಎಂದು ಊದಿ, "ಬಾರಮ್ಮಾ ಚೌಕಾ" ಎಂದು ಕೂಗಿ ಎಸೆಯುವವನು. ಅವನಿಗೂ ನಾನು ಲೇಟ್ ಮಾರ್ಕ್ ಹಾಕಿದ್ದೇನೆ. ಬೇರೆಯವರು ಅವನ ಪರವಾಗಿ ನನ್ನನ್ನು ಬೈದರೆ ಅವನೇ ತಡೆಯುತ್ತಿದ್ದ. "ಲೇಟ್ ಅಂದ್ರೆ ಲೇಟ್ ಕಣ್ರೋ. ಅವನದೇನು ತಪ್ಪು, ನನ್ನ ಸೈಕಲ್ಲಿಂದು ತಪ್ಪು."

ನಿವೃತ್ತಿಯ ನಂತರ ನಾನು ಶಿವಮೊಗ್ಗಕ್ಕೆ ಬಂದೆ, ಅವನು ಭದ್ರಾವತಿಯ ನ್ಯೂಟೌನಿನಲ್ಲೇ ಉಳಿದ. ಒಂದು ಬೆಳಿಗ್ಗೆ ಅವನಿಗೆ ಲಕ್ವ ಹೊಡೆಯಿತು. ಬಲಗಾಲು ಸ್ವಲ್ಪ ದಿನಕ್ಕೆ ಎಳೆದುಕೊಂಡು ನಡೆಯುವಷ್ಟಾಯಿತು. ಮಾತು ತೊದಲುತ್ತಾ ವಾಪಸಾಯಿತು. ಬಲಗೈ ಮಾತ್ರ ಬರಲಿಲ್ಲ. ಆಸ್ಪತ್ರೆಗೆ ಎರಡು ಸಲ ಹೋಗಿ ನೋಡಿ ಬಂದೆ. ಮನೆಗೆ ಬಂದ ಮೇಲೆ ಅವನ ಹೆಂಡತಿ ಫೋನ್ ಮಾಡಿದಳು.

"ಅಣ್ಣಾ, ಡಾಕ್ಟ್ರು ಹೇಳಿದಾರೆ, ಈ ಐದಾರು ತಿಂಗಳಲ್ಲಿ ಬಲಗೈಲಿ ಕೆಲಸ ಮಾಡಿಸ್ತಾನೇ ಇರ್ಬೇಕಂತೆ. ಈಗ ಬರದಿದ್ರೆ ಆಮೇಲೆ ಕಷ್ಟವಂತೆ. ರಬ್ಬರ್ ಚೆಂಡು ಕೊಟ್ರೆ ಎಸೀತಾರೆ. ನಾನೇನ್ ಮಗೂನಾ ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ."

ನನಗೆ ದಾಳದ ಆಟ ನೆನಪಾಯಿತು. ಅವರ ಮಗಳು ಡಿಟಿಪಿ ಕೆಲಸಕ್ಕೆಂದು ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದಳು. ಬಲಗೈಯನ್ನು ಮೌಸಿನ ಮೇಲಿಟ್ಟು ಒಂದು ಬೆರಳು ಒತ್ತಿದರೆ ದಾಳ ಉರುಳುತ್ತದೆ. ರಬ್ಬರ್ ಚೆಂಡಿಗಿಂತ ಇದು ಅವನ ಜಾಯಮಾನಕ್ಕೆ ಒಗ್ಗುವ ಮದ್ದು. ಮಗಳು ಕಲಿಸಿಕೊಟ್ಟಳು. ಮರುವಾರದಿಂದ ದಿನವೂ ಹತ್ತಕ್ಕೆ ಅವನು ಅಲ್ಲಿ, ನಾನು ಇಲ್ಲಿ.

ಅವನ ಬೆರಳು ಗುಂಡಿಯನ್ನು ತಲುಪಲು ಒಂದು ನಿಮಿಷ ಸಾಲುತ್ತಿರಲಿಲ್ಲ. ಮೊದಲ ದಿನ ಎರಡನೆಯ ಎಸೆತಕ್ಕೇ ಪ್ರಶ್ನೆ ಮೂಡಿತು. ಕಾಯುತ್ತೀರೋ, ಗೆಲುವು ತೆಗೆದುಕೊಳ್ಳುತ್ತೀರೋ? ನಾನು ಗೆಲುವು ತೆಗೆದುಕೊಂಡೆ. ಹೊಸ ಆಟ ಶುರು ಮಾಡಿದೆವು. ಮತ್ತೆ ನಿಮಿಷ ಮೀರಿತು, ಮತ್ತೆ ತೆಗೆದುಕೊಂಡೆ. ಸೆಂಟರಿನ ಹೆಂಗಸು ಹಿಂದೆ ನಿಂತಿದ್ದಳು.

"ಪಾಪ, ಹುಷಾರಿಲ್ದೋರು ಅಂತೀರಿ. ಕಾಯ್ಬಾರ್ದಾ ಸಾರ್?"

"ಕಾಯ್ತೀವಿ ಅಂತ ಗೊತ್ತಾದ್ರೆ ಕೈ ಸೋಮಾರಿ ಆಗುತ್ತಮ್ಮ. ಗಡುವಿದ್ರೆ ತಾನೇ ಚುರುಕಾಗುತ್ತೆ."

ಇದನ್ನು ನಾನು ಬಾಯಿಮಾತಿಗೆ ಹೇಳಲಿಲ್ಲ, ನಂಬಿದ್ದೆ. ಎಷ್ಟೋ ಸೋಮಾರಿಗಳು ನನ್ನ ಕೆಂಪು ಶಾಯಿಗೆ ಹೆದರಿ ಸರಿಯಾದ ಹೊತ್ತಿಗೆ ಬರಲು ಕಲಿತಿದ್ದನ್ನು ಕಣ್ಣಾರೆ ಕಂಡಿದ್ದೆ. ಮನುಷ್ಯ ಕಲಿತದ್ದನ್ನು ಅವನ ಬೆರಳು ಯಾಕೆ ಕಲಿಯಬಾರದು?

ಮೂರು ವಾರ ಹೀಗೇ ನಡೆಯಿತು. ದಿನಕ್ಕೆ ಆರೇಳು ಆಟ, ಒಂದೂ ಪೂರ್ತಿಯಾಗುತ್ತಿರಲಿಲ್ಲ. ಅವನ ಮನೆಗೆ ಇದ್ದದ್ದು ಒಂದೇ ಫೋನ್ ಲೈನು. ಇಂಟರ್‌ನೆಟ್ ನಡೆಯುವಾಗ ಫೋನ್ ಎಂಗೇಜ್. ಆಟದ ನಡುವೆ ಮಾತಾಡುವ ದಾರಿಯೇ ಇರಲಿಲ್ಲ. ನನಗೂ ಅದೇ ಸರಿ ಎನಿಸಿತ್ತು. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಹೋಗಬಹುದಿತ್ತು. ಆದರೆ ಹೋದರೆ ಹತ್ತರ ಆಟ ತಪ್ಪುತ್ತದೆ, ಶಿಸ್ತು ತಪ್ಪುತ್ತದೆ, ಅವನಿಗೇ ನಷ್ಟ ಎಂದು ಲೆಕ್ಕ ಹಾಕಿದ್ದೆ.

ನಾಲ್ಕನೆಯ ವಾರ ಒಂದು ಸೋಮವಾರ ಅವನ ಎಸೆತಗಳು ಇದ್ದಕ್ಕಿದ್ದಂತೆ ಗಡುವಿನೊಳಗೆ ಬರತೊಡಗಿದವು. ಮೊದಲು ಐವತ್ತು ಸೆಕೆಂಡು, ಆ ವಾರದ ಕೊನೆಗೆ ಮೂವತ್ತು. ಇನ್ನೆರಡು ವಾರದಲ್ಲಿ ಹದಿನೈದು. ನಾನು ನೋಟುಬುಕ್ಕಿನಲ್ಲಿ ಅದನ್ನೂ ಬರೆದೆ, ಕೆಳಗೆ ಗೆರೆ ಎಳೆದೆ. ಸಂತೋಷ ತಡೆಯದೆ ಅಂದು ಸಂಜೆ ಅವನ ಹೆಂಡತಿಗೆ ಫೋನ್ ಮಾಡಿದೆ.

"ನೋಡಿದೆಯಾ ತಾಯಿ, ಎಂಥಾ ಸುಧಾರಣೆ! ನಾನು ಕಟ್ಟುನಿಟ್ಟು ಮಾಡಿದ್ದಕ್ಕೆ ದಾರಿಗೆ ಬಂದ."

ಅವಳು, "ಹೂಂ ಅಣ್ಣಾ, ಆಟ ಚೆನ್ನಾಗ್ ಆಡ್ತಿದಾರೆ" ಎಂದಳು.

ಕೈ ಹೇಗಿದೆ ಎಂದು ನಾನು ಕೇಳಲಿಲ್ಲ. ಉತ್ತರ ನನ್ನ ನೋಟುಬುಕ್ಕಿನಲ್ಲೇ ಇದೆ ಎಂದುಕೊಂಡಿದ್ದೆ.

ಅವನ ಆಟವೂ ಬದಲಾಯಿತು. ಐದೂ ದಾಳ ಒಂದೇ ಬೀಳಲಿ ಎಂದು ಬೆನ್ನು ಹತ್ತುವುದನ್ನು ಬಿಟ್ಟು, ನನ್ನ ಹಾಗೇ ಇಟ್ಟುಕೊಳ್ಳುವುದನ್ನು ಇಟ್ಟುಕೊಂಡು ಬಿಡುವುದನ್ನು ಬಿಡತೊಡಗಿದ. ಐದನೆಯ ತಿಂಗಳು ನನ್ನನ್ನು ಅಂಕದಲ್ಲೇ ಸೋಲಿಸಿದ. ಅದೃಷ್ಟದಿಂದಲ್ಲ, ಲೆಕ್ಕಾಚಾರದಿಂದ. ಆ ದಿನ ನಾನು ದಿನಚರಿ ಮುರಿದೆ. ಗಾಂಧಿಬಜಾರಿನಲ್ಲಿ ಕಾಲು ಕಿಲೋ ಮೈಸೂರುಪಾಕು ಕಟ್ಟಿಸಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ಅವನು ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆಯೇ ಕುಳಿತಿದ್ದ. ನನ್ನನ್ನು ಕಂಡು ಮುಖದ ಒಂದು ಬದಿ ಅರಳಿತು. "ಬಾ ಮಾರಾಯ... ಟೈಮ್ ಆಫೀಸೇ... ಬಂತಲ್ಲೇ" ಎಂದು ಹೆಂಡತಿಯನ್ನು ಕರೆದ.

ಮೌಸು ಕೀಬೋರ್ಡಿನ ಎಡಕ್ಕಿತ್ತು. ಎಡಗೈ ಅದರ ಮೇಲಿತ್ತು. ಬಲಗೈ ತೊಡೆಯ ಮೇಲೆ, ಟವೆಲಿನ ಕೆಳಗೆ. ಟವೆಲು ಸರಿದಾಗ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದು ಕಂಡಿತು. ಮೈಸೂರುಪಾಕಿನ ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು.

"ಎಡಗೈ ಯಾಕೆ ತಾಯಿ?" ಎಂದು ಅವನ ಹೆಂಡತಿಯನ್ನು ಕೇಳಿದೆ.

"ಮೊದ್ಲು ಬಲಗೈಲೇ ಆಡ್ತಿದ್ರು ಅಣ್ಣಾ. ತೋರುಬೆರಳು ಒಂಚೂರು ಅಲ್ಲಾಡಕ್ಕೂ ಶುರುವಾಗಿತ್ತು. ಅದು ಗುಂಡಿ ಮುಟ್ಟೋಷ್ಟ್ರಲ್ಲಿ ಆಟ ಮುಗ್ದೇ ಹೋಗೋದು. ಒಂದಿನ ಸಿಟ್ಟು ಬಂದು ಮೌಸ್ ಈ ಕಡೆ ಇಟ್ಕೊಂಡ್ರು. ಬೇಡ ರೀ ಅಂದೆ, ಮಗ್ಳೂ ಅಂದ್ಲು. ಲೇಟ್ ಮಾರ್ಕ್ ಹಾಕ್ತಾನೆ ಅವ್ನು, ನಿಂಗೊತ್ತಿಲ್ಲ ಅಂದ್ರು."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್ಬೇಕು ಅಂತಿದ್ದೆ. ಅಷ್ಟ್ರಲ್ಲಿ ನೀವೇ ಫೋನ್ ಮಾಡಿ ಖುಷಿಪಟ್ರಿ. ಇವ್ರು ಪಕ್ಕದಲ್ಲೇ ಕೂತು ಕೇಳಿಸ್ಕೊಂಡು ನಗ್ತಿದ್ರು. ಕಾಯಿಲೆ ಬಂದ್ಮೇಲೆ ನಕ್ಕಿದ್ದು ಅದೇ ಮೊದ್ಲು. ಹೆಂಗ್ ಹೇಳ್ಲಿ ಅಣ್ಣಾ?"

ಗೆಳೆಯ ನನ್ನ ಮುಖವನ್ನೇ ನೋಡುತ್ತಿದ್ದ. "ಅದೆಲ್ಲ... ಬಿಡು. ಗೆದ್ದೆ... ಇಲ್ವಾ?" ಎಂದ.

"ಗೆದ್ದೆ ಕಣೋ" ಎಂದೆ.

ಡಾಕ್ಟರು ಹೇಳಿದ ತಿಂಗಳುಗಳಲ್ಲಿ ಇನ್ನು ಉಳಿದಿದ್ದು ಕೆಲವೇ ದಿನ. ಫಿಸಿಯೋಥೆರಪಿಯವನು ಬಂದು ಬೆರಳುಗಳನ್ನು ಬಿಡಿಸಲು ನೋಡಿದ, ಗೆಳೆಯ ನೋವಿಗೆ ಕೂಗಿಕೊಂಡ. ನಾಲ್ಕು ತಿಂಗಳ ಹಿಂದೆ ಅಲ್ಲಾಡಿದ ಆ ತೋರುಬೆರಳು ಮತ್ತೆ ಅಲ್ಲಾಡಲಿಲ್ಲ. ಬಲಗೈಯಲ್ಲೇ ಆಡು ಎಂದು ನಾನು ಕೈಮುಗಿದು ಕೇಳಿದೆ. "ಸೋಲಕ್ಕಾ?" ಎಂದ ಅಷ್ಟೇ.

ಭದ್ರಾವತಿಗೆ ಹೋಗಿಬಂದ ಮರುದಿನ ಹತ್ತಕ್ಕೆ ಸರಿಯಾಗಿ ಮೂರನೆಯ ಕಂಪ್ಯೂಟರಿನ ಮುಂದೆ ಕುಳಿತೆ. ಇನ್ನು ಮೇಲೆ ಪ್ರಶ್ನೆ ಮೂಡಿದಾಗಲೆಲ್ಲ 'ಕಾಯುತ್ತೇನೆ' ಎಂದು ಒತ್ತುವುದೆಂದು ತೀರ್ಮಾನಿಸಿದ್ದೆ. ಪ್ರಶ್ನೆ ಮೂಡಲೇ ಇಲ್ಲ. ಅವನ ದಾಳ ಹತ್ತು ಸೆಕೆಂಡಿನೊಳಗೆ ಬೀಳುತ್ತಿತ್ತು. ನನ್ನ ಸರದಿ ಬಂದಾಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೊಳೆಯದೆ ಪರದೆಯನ್ನೇ ನೋಡುತ್ತಾ ಉಳಿದೆ. ನಿಮಿಷ ಮೀರಿತು. ಆಟ ಮುಗಿದಿದೆ, ಎದುರಾಳಿ ಗೆಲುವು ತೆಗೆದುಕೊಂಡಿದ್ದಾರೆ ಎಂದು ಬರೆದು ಬಂತು.

ಅವನು ಇನ್ನೂ ಮೂರು ವರ್ಷ ಬದುಕಿದ, ನಾವು ಇನ್ನೂ ಮೂರು ವರ್ಷ ಆಡಿದೆವು. ಅವನು ನನಗಿಂತ ಹೆಚ್ಚು ಗೆದ್ದ. ಅಂಗಿಯ ಗುಂಡಿಯನ್ನು ಮಾತ್ರ ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಮುಂಚೆ ಅವನ ಹೆಂಡತಿ ಹಾಕಬೇಕಾಗಿತ್ತು.