ಗಾಜು ಊದುವವನ ಕಣ್ಣಿನ ಹನಿ

ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಹಿಂದಿನ ಶೆಡ್ಡಿನಲ್ಲಿ ಅವನು ಮೂವತ್ತನಾಲ್ಕು ವರ್ಷ ಗಾಜು ಊದಿದ್ದಾನೆ. ಬಾಯಿ ಮುರಿದ ಫ್ಲಾಸ್ಕು, ಸೀಳಿದ ಬ್ಯುರೆಟ್ಟು ಅವನ ಬಳಿ ಹೋಗಿ ನೆಟ್ಟಗಾಗಿ ಬರುತ್ತಿದ್ದವು. ಎಲ್ಲರೂ ಅವನನ್ನು ಊದಪ್ಪ ಎನ್ನುತ್ತಿದ್ದರು. ಉಬ್ಬಸವಿದ್ದವರನ್ನು ಆ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಅವನಿಗೆ ಬಾಲ್ಯದಲ್ಲಿ ಉಬ್ಬಸವಿತ್ತು. ಹಾಗಾಗಿ ಸೇರುವಾಗ ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದ. ಆಮೇಲೆ ಯಾವ ಫಾರಂ ಬಂದರೂ ಅದನ್ನೇ ಬರೆದ.

ಐವತ್ತೆಂಟನೆಯ ವಯಸ್ಸಿಗೆ ಗ್ಲಾಕೋಮಾ ಎಂದು ತಿಳಿಯಿತು. ಕಣ್ಣಿನೊಳಗಿನ ಒತ್ತಡ ಏರಿ, ಎಡಗಣ್ಣಿನ ಅಂಚಿನ ದೃಷ್ಟಿ ಆಗಲೇ ಹೋಗಿತ್ತು. ಆಸ್ಪತ್ರೆಯ ಫಾರಂನಲ್ಲೂ ಅವನ ಕೈ ತಾನಾಗಿ ‘ಇಲ್ಲ’ ಎಂದು ಬರೆಯಿತು. ಡಾಕ್ಟರಮ್ಮ ಕಣ್ಣಿನ ಒತ್ತಡ ಇಳಿಸಲು ಬೀಟಾ ಬ್ಲಾಕರ್ ಹನಿ ಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು. ತಪ್ಪಿಸಿದರೆ ಉಳಿದ ದೃಷ್ಟಿಯೂ ಹೋಗುತ್ತದೆ ಎಂದರು. ಅವನು ತಪ್ಪಿಸಲಿಲ್ಲ.

ಹದಿನೈದು ದಿನಕ್ಕೆ ಗಾಜಿನ ಗುಳ್ಳೆ ನಿಂಬೆಹಣ್ಣಿನ ಗಾತ್ರಕ್ಕೇ ನಿಂತುಬಿಡತೊಡಗಿತು. ಈ ಸಲದ ಗಾಜು ಗಟ್ಟಿ ಎಂದು ಅವನು ಲಿಖಿತವಾಗಿ ದೂರು ಕೊಟ್ಟ.

“ಗಾಜು ಗಟ್ಟಿ, ಒಪ್ಪಿದೆ. ಮೆಟ್ಟಿಲು ಹತ್ತುವಾಗ ಸುಯ್ ಸುಯ್ ಅಂತೀರಲ್ಲ, ಮೆಟ್ಟಿಲೂ ಗಟ್ಟಿಯಾ?” ಎಂದಳು ಹೆಂಡತಿ.

“ವಯಸ್ಸಾಯ್ತು ಕಣೇ.”

“ಹದಿನೈದು ದಿನದಲ್ಲಾ? ಆ ಹನಿ ಬಂದ್ಮೇಲೇ ಇದು ಶುರುವಾಗಿದ್ದು.”

“ಕಣ್ಣಿಗೆ ಹಾಕಿದ್ದು ಎದೆಗೆ ಹೇಗೆ ಇಳಿಯುತ್ತೆ?”

“ಅತ್ರೆ ಮೂಗು ಸೋರಲ್ವಾ? ಹಾಗೇ ಇಳಿಯುತ್ತೆ. ನಡೀರಿ.”

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿದರು. “ಉಬ್ಬಸ ಇತ್ತಾ?”

ಅವನು ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ನೋಡಿದ. “ಇತ್ತು.”

“ಬರೀಬಾರ್ದಿತ್ತಾ? ಉಬ್ಬಸ ಇದ್ದೋರಿಗೆ ಈ ಹನಿ ಕೊಡೋದೇ ಇಲ್ಲ. ಉಸಿರೇ ನಿಂತಿದ್ರೆ ಕಣ್ಣು ಇಟ್ಕೊಂಡು ಏನ್ ನೋಡ್ತಿದ್ರಿ?”

“ಕಾಲೇಜಿಗೆ ಹೇಳ್ತೀರಾ?”

“ನಾನು ಕಣ್ಣಿನ ಡಾಕ್ಟರು. ಅಂಚೆಯವಳಲ್ಲ.”

“ನನ್ನ ಹತ್ರಾನೂ ಮುಚ್ಚಿಟ್ರಲ್ಲ,” ಎಂದಳು ಹೆಂಡತಿ.

“ನೀನು ಫಾರಂ ಕೊಡ್ಲಿಲ್ವಲ್ಲೇ.”

ಅಂದೇ ಆ ಹನಿ ನಿಂತು ಬೇರೊಂದು ಬಗೆಯ ಹನಿ ಬಂತು. ಅದರಿಂದ ರೆಪ್ಪೆಗೂದಲು ಉದ್ದವಾಗಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದರು, ಆಯಿತು ಕೂಡ. ಉರಿಗೆ ಸುಡದಂತೆ ಹೆಂಡತಿ ಭಾನುವಾರಗಳಂದು ಕತ್ತರಿಸಿಕೊಡುತ್ತಾಳೆ. ಉಸಿರು ಮರಳಿತು, ಗುಳ್ಳೆಗಳು ಮೊದಲಿನ ಗಾತ್ರಕ್ಕೆ ಬಂದವು. ಹೋದ ದೃಷ್ಟಿ ಬರಲಿಲ್ಲ, ಉಳಿದದ್ದು ಉಳಿದಿದೆ. ಶೆಡ್ಡಿಗೆ ಎಡಗಡೆಯಿಂದ ಬರುವವರು ಈಗ ಕೆಮ್ಮಿ ಬರಬೇಕು. ವಿಭಾಗದ ಮುಖ್ಯಸ್ಥರೂ ಕೆಮ್ಮುತ್ತಾರೆ.